ಕೊಲರಾಡೊ ತಂಡದ ಆರಂಭ ಶೂರತ್ವ: ಹೆಸರು ಗೆದ್ದಿತು, ಆಟ ಸೋತಿತು

2023ರ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಅಮೆರಿಕದ ಕ್ರೀಡಾಲೋಕದಲ್ಲಿ ಒಂದೇ ಊರಿನ ಮಾತು ಕೇಳಿಬರುತ್ತಿತ್ತು. ರಾಕಿ ಪರ್ವತಗಳ ತಪ್ಪಲಿನಲ್ಲಿರುವ ಆ ಊರು ಬೌಲ್ಡರ್. ಅಲ್ಲಿನ ಕೊಲರಾಡೊ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ ಆಡಿದ ಮೂರು ಪಂದ್ಯಗಳನ್ನೂ ಗೆದ್ದಿತ್ತು. ಹಿಂದಿನ ವರ್ಷ ಇದೇ ತಂಡ ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದನ್ನು ಸೋತು ನಗೆಪಾಟಲಿಗೀಡಾಗಿತ್ತು. ಹೊಸ ಮುಖ್ಯ ತರಬೇತುದಾರ ಡಿಯಾನ್ ಸ್ಯಾಂಡರ್ಸ್ ಒಂಬತ್ತೇ ತಿಂಗಳಲ್ಲಿ ಪವಾಡ ಮಾಡಿದರೆಂದು ಪತ್ರಿಕೆಗಳು ಬರೆದವು, ದೂರದರ್ಶನ ವಾಹಿನಿಗಳು ಕೊಂಡಾಡಿದವು. ಆದರೆ ನವೆಂಬರ್ ಕೊನೆಯಲ್ಲಿ ಲೆಕ್ಕ ಹಾಕಿದಾಗ ತಂಡದ ಖಾತೆಯಲ್ಲಿದ್ದದ್ದು ನಾಲ್ಕು ಗೆಲುವು, ಎಂಟು ಸೋಲು. ಪ್ಯಾಕ್-12 ಒಕ್ಕೂಟದ ಪಟ್ಟಿಯಲ್ಲಿ ಕೊಲರಾಡೊ ಕಟ್ಟಕಡೆಯ ಸ್ಥಾನದಲ್ಲಿತ್ತು.

ಒಂದು ಕಾಲೇಜು ತಂಡದ ಒಂದು ವರ್ಷದ ಸೋಲು-ಗೆಲುವುಗಳನ್ನು ಇಂದು ಮತ್ತೆ ಕೆದಕುವ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಉತ್ತರ ಇಷ್ಟೆ: ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾವ್ಯವಸ್ಥೆ ವಿದ್ಯಾರ್ಥಿಗಳ ಆಟ ಎಂಬ ಹಳೆಯ ವೇಷವನ್ನು ಕಳಚಿ ಬಹಿರಂಗ ಮಾರುಕಟ್ಟೆಯಾಗಿ ಮಾರ್ಪಟ್ಟ ಕಾಲದ ಅತ್ಯಂತ ಸ್ಪಷ್ಟ ಚಿತ್ರ ಈ ಪ್ರಯೋಗದಲ್ಲಿ ಸಿಗುತ್ತದೆ. ಹಣ ಮತ್ತು ಹೆಸರಿನಿಂದ ಒಂದೇ ವರ್ಷದಲ್ಲಿ ಏನನ್ನು ಕೊಳ್ಳಬಹುದು, ಏನನ್ನು ಕೊಳ್ಳಲಾಗದು ಎಂಬುದನ್ನು ಆ ಹನ್ನೆರಡು ಪಂದ್ಯಗಳು ತೋರಿಸಿಕೊಟ್ಟವು.

ಹಿನ್ನೆಲೆ

ಇಲ್ಲಿ ಹೇಳುತ್ತಿರುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಶಿರಸ್ತ್ರಾಣ, ಭುಜಕವಚ ತೊಟ್ಟ ತಲಾ ಹನ್ನೊಂದು ಆಟಗಾರರು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಯತ್ತ ನುಗ್ಗುವ ಅಮೆರಿಕನ್ ಫುಟ್ಬಾಲ್ ಇದು. ಆ ದೇಶದಲ್ಲಿ ವಿಶ್ವವಿದ್ಯಾಲಯಗಳ ಫುಟ್ಬಾಲ್‌ಗೆ ವೃತ್ತಿಪರ ಲೀಗ್‌ಗೆ ಸರಿದೂಗುವಷ್ಟು ಅಭಿಮಾನಿಗಳಿದ್ದಾರೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಎಣಿಸಿಕೊಳ್ಳುವಾತ ರಾಜ್ಯಪಾಲನಲ್ಲ, ವಿಶ್ವವಿದ್ಯಾಲಯದ ಫುಟ್ಬಾಲ್ ತರಬೇತುದಾರ.

ಕೊಲರಾಡೊ ಹಿಂದೆ ಸಾಮಾನ್ಯ ತಂಡವೇನೂ ಆಗಿರಲಿಲ್ಲ. ಬಿಲ್ ಮೆಕಾರ್ಟ್ನಿ ಅವರ ತರಬೇತಿಯಲ್ಲಿ 1990ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಜಾರ್ಜಿಯಾ ಟೆಕ್ ಜತೆ ಹಂಚಿಕೊಂಡಿತ್ತು. ಅನಂತರ ಇಳಿಮುಖ ಶುರುವಾಯಿತು. 2006ರಿಂದ 2022ರವರೆಗಿನ ಹದಿನೇಳು ವರ್ಷಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದುದು ಎರಡು ವರ್ಷ ಮಾತ್ರ, 2016 ಮತ್ತು 2020ರಲ್ಲಿ. 2022ರಲ್ಲಿ ಮೊದಲ ಐದೂ ಪಂದ್ಯಗಳನ್ನು ಸೋತಾಗ ತರಬೇತುದಾರ ಕಾರ್ಲ್ ಡೊರೆಲ್ ಅವರನ್ನು ಮನೆಗೆ ಕಳುಹಿಸಲಾಯಿತು. ಆ ವರ್ಷ ದಕ್ಕಿದ್ದು ಒಂದೇ ಗೆಲುವು.

ಡಿಸೆಂಬರ್ 2022ರಲ್ಲಿ ಬಂದವರು ಸ್ಯಾಂಡರ್ಸ್. ಆಟಗಾರನಾಗಿ ಅವರ ಹಿರಿಮೆ ಪ್ರಶ್ನಾತೀತ. ವೃತ್ತಿಪರ ಫುಟ್ಬಾಲ್‌ನ ಅಂತಿಮ ಹಣಾಹಣಿಯಾದ ಸೂಪರ್ ಬೌಲ್‌ನಲ್ಲಿಯೂ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್‌ನಲ್ಲಿಯೂ ಆಡಿದ ಏಕೈಕ ವ್ಯಕ್ತಿ ಅವರು. 'ಪ್ರೈಮ್ ಟೈಮ್' ಎಂಬ ಅಡ್ಡಹೆಸರೇ ಅವರ ಸ್ವಭಾವವನ್ನು ಹೇಳುತ್ತದೆ. 2020ರಿಂದ ಮಿಸಿಸಿಪಿಯ ಜಾಕ್ಸನ್ ಸ್ಟೇಟ್ ಎಂಬ, ಚಾರಿತ್ರಿಕವಾಗಿ ಕಪ್ಪು ಜನರ ವಿದ್ಯಾಸಂಸ್ಥೆಯಲ್ಲಿ ತರಬೇತುದಾರರಾಗಿದ್ದು, 27 ಗೆಲುವು, 6 ಸೋಲುಗಳ ದಾಖಲೆ ಹೊಂದಿದ್ದರು. ಆ ಸಣ್ಣ ಸಂಸ್ಥೆಯನ್ನು ಬಿಟ್ಟು ದೊಡ್ಡ ಹಣದ ಕಡೆಗೆ ಹೊರಟರೆಂಬ ಟೀಕೆ ಅವರ ಬೆನ್ನಿಗಿತ್ತು. ಕೊಲರಾಡೊ ಅವರೊಂದಿಗೆ ಐದು ವರ್ಷಕ್ಕೆ 2.95 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅಷ್ಟು ಹಣ ಸದ್ಯಕ್ಕೆ ಕೈಯಲ್ಲಿಲ್ಲ, ಆದರೆ ಬರುತ್ತದೆಂಬ ಭರವಸೆಯಿದೆ ಎಂದು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ರಿಕ್ ಜಾರ್ಜ್ ಬಹಿರಂಗವಾಗಿಯೇ ಒಪ್ಪಿಕೊಂಡಿದ್ದರು. ಸಾಲ ಮಾಡಿಯಾದರೂ ತುಪ್ಪ ತಿನ್ನುವ ಧೈರ್ಯ ಅದು.

ಒಂದೇ ವರ್ಷದಲ್ಲಿ ಹೊಸ ತಂಡ

ಮೊದಲ ಸಭೆಯಲ್ಲಿಯೇ ಸ್ಯಾಂಡರ್ಸ್ ಹಳೆಯ ಆಟಗಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು: ನಾನು ನನ್ನ ಆಟಗಾರರನ್ನು ಕರೆತರುತ್ತಿದ್ದೇನೆ, ಹೋಗುವವರು ಈಗಲೇ ಹೋಗಬಹುದು. ಆ ಸಭೆಯ ದೃಶ್ಯಗಳನ್ನು ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸಲಾಯಿತು.

ಇದು ಕೇವಲ ಮಾತಾಗಿ ಉಳಿಯದಿರಲು ನಿಯಮಗಳ ಬದಲಾವಣೆ ಕಾರಣ. ಹಿಂದೆ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವ ಫುಟ್ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ 2021ರಲ್ಲಿ ಈ ನಿರ್ಬಂಧವನ್ನು ಒಂದು ಬಾರಿಯ ವರ್ಗಾವಣೆಗೆ ತೆಗೆದುಹಾಕಿತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿ ಹಣ ಗಳಿಸಲು ಅವಕಾಶ ದೊರೆಯಿತು. ಹೋಗಲಿಚ್ಛಿಸುವವರ ಹೆಸರು ದಾಖಲಾಗುವ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ಗಣಕ ಪಟ್ಟಿ ಬರಬರುತ್ತಾ ಆಟಗಾರರ ಸಂತೆಯಾಯಿತು. ಇದಲ್ಲದೆ, ಹೊಸದಾಗಿ ಬಂದ ಮುಖ್ಯ ತರಬೇತುದಾರ ಮೊದಲ ವರ್ಷದಲ್ಲಿ ತನಗೆ ಬೇಡವಾದವರನ್ನು ತಂಡದಿಂದ ಕೈಬಿಡಬಹುದಿತ್ತು. ಅವರ ವಿದ್ಯಾರ್ಥಿವೇತನವನ್ನು ಮಾತ್ರ ಸಂಸ್ಥೆ ಮುಂದುವರಿಸಬೇಕು.

ಏಪ್ರಿಲ್ 2023ರಲ್ಲಿ ನಡೆದ ಅಭ್ಯಾಸ ಪಂದ್ಯವನ್ನು ನೋಡಲು 47 ಸಾವಿರಕ್ಕೂ ಹೆಚ್ಚು ಮಂದಿ ಟಿಕೆಟ್ ಕೊಂಡು ಬಂದರು. ಪಂದ್ಯ ಮುಗಿದ ಬೆನ್ನಿಗೇ ಆಟಗಾರರ ನಿರ್ಗಮನ ಪ್ರವಾಹದಂತೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಮೈದಾನಕ್ಕಿಳಿದ ತಂಡದಲ್ಲಿ 80ಕ್ಕೂ ಹೆಚ್ಚು ಮಂದಿ ಹೊಸಬರು. ವಿದ್ಯಾರ್ಥಿವೇತನ ಪಡೆಯುತ್ತಿದ್ದ ಹಳೆಯ ಆಟಗಾರರಲ್ಲಿ ಉಳಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಒಂದು ಪ್ರಮುಖ ತಂಡ ಈ ಪ್ರಮಾಣದಲ್ಲಿ ಬದಲಾದ ಉದಾಹರಣೆ ಅದಕ್ಕೆ ಮುಂಚೆ ಇರಲಿಲ್ಲ. ಪಿಟ್ಸ್‌ಬರ್ಗ್ ತಂಡದ ತರಬೇತುದಾರ ಪ್ಯಾಟ್ ನಾರ್ಡೂಜಿ ಅವರಂಥವರು, ನಿಯಮ ಮಾಡಿದ ಉದ್ದೇಶ ಇದಲ್ಲವೆಂದು ಆಕ್ಷೇಪಿಸಿದರು.

ಸ್ಯಾಂಡರ್ಸ್ ಅವರ ಪರವಾದ ವಾದವನ್ನೂ ಇಲ್ಲಿ ದಾಖಲಿಸಬೇಕು. ಹನ್ನೊಂದು ಪಂದ್ಯ ಸೋತ ತಂಡವನ್ನು ಹಾಗೆಯೇ ಇಟ್ಟುಕೊಂಡು ಗೆಲ್ಲಿರೆಂದು ಹೇಳುವುದು ನ್ಯಾಯವಲ್ಲ. ಇತರ ತರಬೇತುದಾರರು ಬಾಗಿಲು ಮುಚ್ಚಿ ಮಾಡುವುದನ್ನೇ ಅವರು ಎಲ್ಲರ ಮುಂದೆ ಮಾಡಿದರು. ಮೇಲಾಗಿ, ಅರ್ಧಕ್ಕೇ ಸಂಸ್ಥೆ ಬಿಟ್ಟು ಹೆಚ್ಚಿನ ಸಂಬಳಕ್ಕೆ ಹೋಗುವ ಸ್ವಾತಂತ್ರ್ಯ ತರಬೇತುದಾರರಿಗೆ ಹಿಂದಿನಿಂದಲೂ ಇತ್ತು. ಆಟಗಾರರಿಗೆ ಅದು ಸಿಕ್ಕಿದ್ದು ತಡವಾಗಿ. ಈ ಮಾತುಗಳಲ್ಲಿ ಹುರುಳಿದೆ.

ಮೂರು ವಾರಗಳ ವೈಭವ

ಸೆಪ್ಟೆಂಬರ್ 2ರಂದು ಮೊದಲ ಎದುರಾಳಿ ಟಿಸಿಯು. ಹಿಂದಿನ ವರ್ಷ ರಾಷ್ಟ್ರೀಯ ಫೈನಲ್ ತಲುಪಿದ್ದ ತಂಡ ಅದು. ಅದರ ಅಂಗಳದಲ್ಲಿಯೇ ಕೊಲರಾಡೊ 45-42ರಿಂದ ಗೆದ್ದಿತು. ತರಬೇತುದಾರರ ಮಗ ಶೆಡೂರ್ ಸ್ಯಾಂಡರ್ಸ್ ಆ ದಿನ ಚೆಂಡೆಸೆದು ಗಳಿಸಿದ್ದು 510 ಗಜ, ವಿಶ್ವವಿದ್ಯಾಲಯದ ಇತಿಹಾಸದಲ್ಲೇ ದಾಖಲೆ. ಶೆಡೂರ್ ಆಡುವ ಸ್ಥಾನದ ಹೆಸರು ಕ್ವಾರ್ಟರ್‌ಬ್ಯಾಕ್. ಪ್ರತಿ ದಾಳಿಯೂ ಆರಂಭವಾಗುವುದು ಆತನ ಕೈಯಿಂದ. ಜಾಕ್ಸನ್ ಸ್ಟೇಟ್‌ನಿಂದ ಜತೆಗೆ ಬಂದಿದ್ದ ಟ್ರಾವಿಸ್ ಹಂಟರ್ ಈ ಕಾಲದಲ್ಲಿ ಯಾರೂ ಮಾಡದ ಸಾಹಸ ಮಾಡಿದರು. ದಾಳಿ ಮತ್ತು ರಕ್ಷಣೆ ಎರಡರಲ್ಲೂ ಹೆಚ್ಚುಕಡಿಮೆ ಪೂರ್ತಿ ಪಂದ್ಯ ಆಡಿ, 119 ಗಜ ಗಳಿಸಿದ್ದಲ್ಲದೆ ಎದುರಾಳಿಯ ಒಂದು ಎಸೆತವನ್ನೂ ಕಸಿದುಕೊಂಡರು.

ಮರುವಾರ ಹಳೆಯ ವೈರಿ ನೆಬ್ರಾಸ್ಕ 36-14ರಿಂದ ಸೋತಿತು. ಮೂರನೆಯ ವಾರ ನೆರೆಯ ಕೊಲರಾಡೊ ಸ್ಟೇಟ್ ವಿರುದ್ಧದ ಪಂದ್ಯ ಎರಡು ಹೆಚ್ಚುವರಿ ಅವಧಿಗಳಿಗೆ ಹೋಗಿ 43-35ರಲ್ಲಿ ಮುಗಿಯಿತು. ಮಧ್ಯರಾತ್ರಿ ದಾಟಿದರೂ ಅದನ್ನು ನೋಡಿದವರ ಸರಾಸರಿ ಸಂಖ್ಯೆ 90 ಲಕ್ಷಕ್ಕೂ ಹೆಚ್ಚು. ಕಪ್ಪು ಜನರ ಸಂಖ್ಯೆ ಅತ್ಯಲ್ಪವಿರುವ ಬೌಲ್ಡರ್‌ಗೆ ಆ ವಾರಗಳಲ್ಲಿ ದೇಶದ ನಾನಾ ಕಡೆಗಳಿಂದ ಕಪ್ಪು ಅಭಿಮಾನಿಗಳು, ಗಾಯಕರು, ಮಾಜಿ ಆಟಗಾರರು ಬಂದರು. ಕಾಲೇಜು ಫುಟ್ಬಾಲ್‌ನ ಆಟಗಾರರಲ್ಲಿ ಕಪ್ಪು ಯುವಕರ ಪಾಲು ದೊಡ್ಡದಾದರೂ ಮುಖ್ಯ ತರಬೇತುದಾರರಲ್ಲಿ ಕಪ್ಪು ಜನರು ವಿರಳ. ಸ್ಯಾಂಡರ್ಸ್ ಅವರ ಗೆಲುವಿನಲ್ಲಿ ಅನೇಕರು ತಮ್ಮ ಗೆಲುವನ್ನು ಕಂಡದ್ದಕ್ಕೆ ಇದು ಕಾರಣ. ಅವರ ಸೋಲಿಗಾಗಿ ಕಾದವರೂ ಕಡಿಮೆ ಇರಲಿಲ್ಲ.

ಅಪಾಯದ ಸೂಚನೆಗಳು ಆ ವೈಭವದ ನಡುವೆಯೇ ಇದ್ದವು. ಕೊಲರಾಡೊ ಸ್ಟೇಟ್ ಪಂದ್ಯದಲ್ಲಿ ನಿಯಮಬಾಹಿರ ಹೊಡೆತಕ್ಕೆ ಸಿಕ್ಕ ಹಂಟರ್ ಯಕೃತ್ತಿಗೆ ಗಾಯ ಮಾಡಿಕೊಂಡು ಮೂರು ಪಂದ್ಯ ಹೊರಗುಳಿದರು. ಇಬ್ಬರ ಕೆಲಸ ಮಾಡುತ್ತಿದ್ದ ಒಬ್ಬನಿಗೆ ಪೆಟ್ಟಾದಾಗ ಎರಡು ಕಡೆ ತೂತು ಬಿತ್ತು. ಸೆಪ್ಟೆಂಬರ್ 23ರಂದು ಆರೆಗನ್ ತಂಡ 42-6ರಿಂದ ಕೊಲರಾಡೊವನ್ನು ಹಿಂಡಿತು. ಅವರ ಆಟ ಜನರ ಕಣ್ಣಿಗಾಗಿ, ನಮ್ಮದು ಗೆಲುವಿಗಾಗಿ ಎಂಬರ್ಥದ ಮಾತನ್ನು ಆರೆಗನ್ ತರಬೇತುದಾರ ಡ್ಯಾನ್ ಲ್ಯಾನಿಂಗ್ ಪಂದ್ಯಕ್ಕೆ ಮುಂಚೆ ತಮ್ಮ ಹುಡುಗರಿಗೆ ಹೇಳಿದ್ದರು. ವಿಪರ್ಯಾಸವೆಂದರೆ, ಆ ಮಾತನ್ನೂ ಚಿತ್ರೀಕರಿಸಿ ಪ್ರಸಾರ ಮಾಡಲಾಯಿತು.

ಕುಸಿತದ ಮೂಲ

ಒಂದು ವಾರದ ಬಳಿಕ ಯುಎಸ್‌ಸಿ ವಿರುದ್ಧ 48-41ರ ಸೋಲು. ಅರಿಜೋನಾ ಸ್ಟೇಟ್ ಎದುರು 27-24ರ ಗೆಲುವು, ಅದೇ ಆ ವರ್ಷದ ಕೊನೆಯ ಗೆಲುವು. ಅಕ್ಟೋಬರ್ 13ರ ರಾತ್ರಿ ತವರಿನಲ್ಲಿ ನಡೆದದ್ದನ್ನು ಕೊಲರಾಡೊ ಅಭಿಮಾನಿಗಳು ಸುಲಭದಲ್ಲಿ ಮರೆಯಲಾರರು. ಐದರಲ್ಲಿ ನಾಲ್ಕು ಪಂದ್ಯ ಸೋತು ಬಂದಿದ್ದ ಸ್ಟ್ಯಾನ್‌ಫರ್ಡ್ ವಿರುದ್ಧ ಮಧ್ಯಂತರದ ಹೊತ್ತಿಗೆ 29-0 ಮುನ್ನಡೆ. ಪಂದ್ಯ ಮುಗಿದಾಗ 46-43ರ ಸೋಲು. ಸ್ಟ್ಯಾನ್‌ಫರ್ಡ್‌ನ ಎಲಿಕ್ ಅಯೊಮನೋರ್ ಒಬ್ಬರೇ ಚೆಂಡು ಹಿಡಿದು 294 ಗಜ ಗಳಿಸಿದರು. ಅಲ್ಲಿಂದ ಮುಂದೆ ಯುಸಿಎಲ್‌ಎ, ಆರೆಗನ್ ಸ್ಟೇಟ್, ಅರಿಜೋನಾ, ವಾಷಿಂಗ್ಟನ್ ಸ್ಟೇಟ್, ಯೂಟಾ ಎದುರು ಸಾಲುಸೋಲು.

ಅಂಕಿಗಳನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಂಟು ಸೋಲುಗಳಲ್ಲಿ ಐದರ ಅಂತರ ಏಳು ಅಂಕ ಅಥವಾ ಅದಕ್ಕೂ ಕಡಿಮೆ. ನಾಲ್ಕು ಗೆಲುವುಗಳಲ್ಲಿ ಮೂರರ ಅಂತರ ಎಂಟು ಅಂಕವನ್ನು ದಾಟಿಲ್ಲ. ಎಂದರೆ ಸೆಪ್ಟೆಂಬರ್‌ನ ತಂಡ ಜನ ತಿಳಿದಷ್ಟು ಬಲಿಷ್ಠವಾಗಿರಲಿಲ್ಲ, ನವೆಂಬರ್‌ನ ತಂಡ ಜನ ಜರೆದಷ್ಟು ದುರ್ಬಲವೂ ಆಗಿರಲಿಲ್ಲ. ಕೊನೆಯ ಕೆಲವು ನಿಮಿಷಗಳಲ್ಲಿ ಪಂದ್ಯವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಮಾತ್ರ ಅದಕ್ಕಿರಲಿಲ್ಲ.

ಆ ಶಕ್ತಿ ಈ ಆಟದಲ್ಲಿ ಬರುವುದು ಆಫೆನ್ಸಿವ್ ಲೈನ್ ಎಂಬ ಐವರ ಸಾಲಿನಿಂದ. ತಲಾ 135 ಕಿಲೋ ಆಸುಪಾಸು ತೂಗುವ ಈ ಐವರು ಚೆಂಡನ್ನು ಮುಟ್ಟುವುದೇ ಅಪರೂಪ. ಎದುರಾಳಿಗಳು ಮೈಮೇಲೆ ಬೀಳದಂತೆ ಕ್ವಾರ್ಟರ್‌ಬ್ಯಾಕ್‌ಗೆ ಕೋಟೆಯಾಗುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವುದು ಅವರ ಕೆಲಸ. ಅವರ ಹೆಸರು ಪ್ರೇಕ್ಷಕರ ಬಾಯಲ್ಲಿ ಬರುವುದಿಲ್ಲ. ಪಕ್ಕದವನ ಹೆಜ್ಜೆ ಯಾವ ಕಡೆ ಬೀಳುತ್ತದೆಂದು ನೋಡದೆಯೇ ತಿಳಿಯುವಷ್ಟು ಒಟ್ಟಿಗೆ ಆಡಿದಾಗ ಮಾತ್ರ ಆ ಗೋಡೆ ಗಟ್ಟಿಯಾಗುತ್ತದೆ. ಅದಕ್ಕೆ ವರ್ಷಗಳು ಬೇಕು. ಒಳ್ಳೆಯ ಲೈನ್ ಆಟಗಾರರನ್ನು ಹೊಂದಿರುವ ತಂಡಗಳು ಅವರನ್ನು ಸುಲಭದಲ್ಲಿ ಬಿಟ್ಟುಕೊಡುವುದೂ ಇಲ್ಲ. ಹೀಗಾಗಿ ಓಡುವವರು, ಹಿಡಿಯುವವರು, ಎಸೆಯುವವರು ಸಂತೆಯಲ್ಲಿ ಸಿಕ್ಕಷ್ಟು ಸಲೀಸಾಗಿ ಗೋಡೆ ಕಟ್ಟುವವರು ಸಿಗುವುದಿಲ್ಲ.

ಪರಿಣಾಮ ಕಣ್ಣ ಮುಂದಿದೆ. 2023ರಲ್ಲಿ ಚೆಂಡೆಸೆಯುವ ಮುನ್ನವೇ ಶೆಡೂರ್ ನೆಲಕ್ಕುರುಳಿದ್ದು 52 ಬಾರಿ. 27 ಟಚ್‌ಡೌನ್ ಎಸೆತಗಳಿಗೆ ಎದುರಾಳಿಗಳ ಪಾಲಾದದ್ದು ಕೇವಲ ಮೂರು ಎಸೆತ ಎಂಬುದು ಆತನ ಕೌಶಲಕ್ಕೆ ಸಾಕ್ಷಿ. ಆದರೆ ಬೆನ್ನೆಲುಬಿನ ಗಾಯದಿಂದಾಗಿ ಯೂಟಾ ವಿರುದ್ಧದ ಕೊನೆಯ ಪಂದ್ಯದಲ್ಲಿ ಆತ ಮೈದಾನಕ್ಕಿಳಿಯಲಾಗಲಿಲ್ಲ. ಚೆಂಡು ಹಿಡಿದು ಓಡುವ ಆಟದಲ್ಲಂತೂ ಕೊಲರಾಡೊ ದೇಶದ ಅತ್ಯಂತ ದುರ್ಬಲ ತಂಡಗಳ ಸಾಲಿನಲ್ಲಿತ್ತು. ಓಡಲಾಗದ ತಂಡ ಮುನ್ನಡೆಯಲ್ಲಿದ್ದಾಗಲೂ ಗಡಿಯಾರದ ಸಮಯ ಕರಗಿಸಲಾರದು. ಸ್ಟ್ಯಾನ್‌ಫರ್ಡ್ ಎದುರಿನ 29 ಅಂಕಗಳ ಮುನ್ನಡೆ ಕರಗಿದ್ದರಲ್ಲಿ ಈ ದೌರ್ಬಲ್ಯದ ಪಾಲಿದೆ.

ಇದರ ಮೇಲೆ, ನಡುವಿನಲ್ಲಿಯೇ ಸಾರಥಿಯ ಬದಲಾವಣೆ. ದಾಳಿಯ ತಂತ್ರ ರೂಪಿಸುತ್ತಿದ್ದ ಶಾನ್ ಲೂಯಿಸ್ ಅವರ ಅಧಿಕಾರವನ್ನು ಆರೆಗನ್ ಸ್ಟೇಟ್ ಪಂದ್ಯಕ್ಕೆ ಮುಂಚೆ ಕಿತ್ತು ಪ್ಯಾಟ್ ಶರ್ಮರ್ ಅವರಿಗೆ ನೀಡಲಾಯಿತು. ಲೂಯಿಸ್ ಅವರ ವೇಗದ ಆಟದಿಂದಲೇ ಟಿಸಿಯು ವಿರುದ್ಧ 45 ಅಂಕ ಬಂದಿತ್ತು. ಬದಲಾವಣೆಯ ನಂತರ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಗೋಡೆ ಶಿಥಿಲವಾಗಿದ್ದಾಗ ಬಾಗಿಲು ಬದಲಿಸಿ ಪ್ರಯೋಜನವೇನು?

ಲಾಭ ಯಾರಿಗೆ, ನಷ್ಟ ಯಾರಿಗೆ?

ಹಾಗಾದರೆ ಆ ವರ್ಷ ಸಂಪೂರ್ಣ ವಿಫಲವೆ? ಆಟದ ಪಟ್ಟಿ ಒಂದು ಉತ್ತರ ಕೊಟ್ಟರೆ ಹಣದ ಖಾತೆ ಇನ್ನೊಂದು ಉತ್ತರ ಕೊಡುತ್ತದೆ. ತವರಿನ ಆರೂ ಪಂದ್ಯಗಳ ಟಿಕೆಟ್‌ಗಳು ಪೂರ್ತಿ ಮಾರಾಟವಾದವು. ಕೊಲರಾಡೊ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಸೋತ ತಂಡದ ತರಬೇತುದಾರನನ್ನು ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ವರ್ಷದ ಕ್ರೀಡಾ ವ್ಯಕ್ತಿಯೆಂದು ಆರಿಸಿತು. ಕೈಯಲ್ಲಿಲ್ಲದ ಹಣವನ್ನು ನಂಬಿ ಸಹಿ ಹಾಕಿದ್ದ ವಿಶ್ವವಿದ್ಯಾಲಯದ ಜೂಜು ಗೆದ್ದಿತೆಂದೇ ಹೇಳಬೇಕು. ಅದೇ ಜುಲೈನಲ್ಲಿ ಕೊಲರಾಡೊ ದೂರದರ್ಶನ ಹಕ್ಕಿನ ಹೆಚ್ಚು ಭದ್ರ ಆದಾಯವಿದ್ದ ಬಿಗ್ 12 ಒಕ್ಕೂಟಕ್ಕೆ ಹೊರಡುವುದಾಗಿ ಘೋಷಿಸಿತು. ಬೆನ್ನಿಗೇ ಇತರರೂ ಹೊರಟು, ಶತಮಾನದ ಇತಿಹಾಸವಿದ್ದ ಪ್ಯಾಕ್-12ರಲ್ಲಿ ಎರಡೇ ಸಂಸ್ಥೆಗಳು ಉಳಿದವು. ಕಾಲದ ಗಾಳಿ ಯಾವ ಕಡೆ ಬೀಸುತ್ತಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಈ ಲಾಭದ ಲೆಕ್ಕದಲ್ಲಿ ಕಾಣದವರು ಏಪ್ರಿಲ್‌ನಲ್ಲಿ ಗಂಟುಮೂಟೆ ಕಟ್ಟಿದ ಹುಡುಗರು. ವಿದ್ಯಾರ್ಥಿವೇತನ ಮುಂದುವರಿಯುತ್ತದೆ ಎಂಬ ನಿಯಮ ಕಾಗದದ ಮೇಲೆ ಸರಿ. ಆದರೆ ಹದಿನೆಂಟು-ಇಪ್ಪತ್ತರ ಹರೆಯದ ಆಟಗಾರ ಆಟವಿಲ್ಲದೆ ಅದೇ ಆವರಣದಲ್ಲಿ ಉಳಿಯುತ್ತಾನೆಯೆ? ಹೊರಟರೆ, ಪಟ್ಟಿಗೆ ಹೆಸರು ಕೊಟ್ಟವರಿಗೆಲ್ಲ ಹೊಸ ತಂಡ ಸಿಕ್ಕೇ ಸಿಗುವ ಖಾತರಿಯಿಲ್ಲ. ಸಿಕ್ಕರೂ ಹಿಂದಿನ ಸಂಸ್ಥೆಯಲ್ಲಿ ಪಾಸು ಮಾಡಿದ ವಿಷಯಗಳೆಲ್ಲ ಹೊಸ ಸಂಸ್ಥೆಯ ಪದವಿಗೆ ಲೆಕ್ಕವಾಗಬೇಕೆಂದಿಲ್ಲ. 1-11ರ ಅವಮಾನವನ್ನು ಹೊತ್ತವರು ಇವರೇ. ಆ ಅವಮಾನವನ್ನು ತೊಳೆಯುವ ಅವಕಾಶ ಇವರಿಗೆ ದೊರೆಯಲಿಲ್ಲ. ವಿದ್ಯಾಸಂಸ್ಥೆಯೊಂದು ತಾನೇ ಆರಿಸಿ ಕರೆತಂದ ವಿದ್ಯಾರ್ಥಿಗಳನ್ನು ಒಂದು ವಸಂತದಲ್ಲಿ ಹೊರಗಟ್ಟಿ, ಅದನ್ನು ಪುನಶ್ಚೇತನವೆಂದು ಕರೆದದ್ದು ನಿಯಮಬಾಹಿರವೇನಲ್ಲ. ಆದರೆ ವಿಶ್ವವಿದ್ಯಾಲಯ ಎಂಬ ಪದಕ್ಕೆ ಅದು ಶೋಭೆ ತರುವುದಿಲ್ಲ.

ಎರಡು ದಾರಿ

ಮುಂದಿನ ವರ್ಷಗಳ ಬೆಳಕಿನಲ್ಲಿ 2023 ಇನ್ನಷ್ಟು ಸ್ಪಷ್ಟವಾಗುತ್ತದೆ. 2024ರಲ್ಲಿ ಕೊಲರಾಡೊ ಒಂಬತ್ತು ಪಂದ್ಯ ಗೆದ್ದು ನಾಲ್ಕರಲ್ಲಿ ಸೋತಿತು. ಹಂಟರ್‌ಗೆ ಕಾಲೇಜು ಫುಟ್ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿ ದೊರೆಯಿತು. ಮಾರ್ಚ್ 2025ರಲ್ಲಿ ಸ್ಯಾಂಡರ್ಸ್ ಅವರಿಗೆ ಐದು ವರ್ಷಕ್ಕೆ 5.4 ಕೋಟಿ ಡಾಲರ್‌ಗಳ ಹೊಸ ಒಪ್ಪಂದವಾಯಿತು. ಟೀಕಾಕಾರರ ಬಾಯಿ ಮುಚ್ಚಿತೆಂದು ಅನೇಕರು ಭಾವಿಸಿದರು. ಆದರೆ ಹಂಟರ್ ಮತ್ತು ಶೆಡೂರ್ ವೃತ್ತಿಪರ ಲೀಗ್‌ಗೆ ಹೊರಟುಹೋದ ಮೇಲೆ, 2025ರಲ್ಲಿ, ತಂಡ ಮೂರು ಗೆಲುವು, ಒಂಬತ್ತು ಸೋಲಿಗೆ ಕುಸಿಯಿತು. ಆ ವರ್ಷ ಸ್ಯಾಂಡರ್ಸ್ ಮೂತ್ರಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತರಬೇತಿಗೆ ಮರಳಿದ್ದರೆಂಬುದನ್ನು ಮರೆಯಬಾರದು. ಆದರೂ ಎರಡು ಕಂಬಗಳು ಸರಿದಾಗ ಮಾಡು ಕುಸಿದದ್ದು ವಾಸ್ತವ. ಮೊದಲ ವರ್ಷದಲ್ಲಿ ಕಟ್ಟದೆ ಬಿಟ್ಟ ಅಡಿಪಾಯ ಮೂರನೆಯ ವರ್ಷದಲ್ಲಿ ಲೆಕ್ಕ ಕೇಳಿತು.

ಪೋರ್ಟಲ್ ಒಂದನ್ನೇ ದೂಷಿಸುವವರು ಇಂಡಿಯಾನಾ ವಿಶ್ವವಿದ್ಯಾಲಯದತ್ತ ನೋಡಬೇಕು. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಆ ತಂಡಕ್ಕೆ ಕರ್ಟ್ ಸಿಗ್ನೆಟ್ಟಿ ಹೊಸ ಮುಖ್ಯ ತರಬೇತುದಾರರಾಗಿ ಬಂದರು. ಅವರೂ ವರ್ಗಾವಣೆಯಿಂದಲೇ ತಂಡ ಕಟ್ಟಿದರು. ಆದರೆ ಮೊದಲು ಕರೆತಂದದ್ದು ಹಿಂದಿನ ಸಂಸ್ಥೆ ಜೇಮ್ಸ್ ಮ್ಯಾಡಿಸನ್‌ನಲ್ಲಿ ತಮ್ಮ ಕೈಕೆಳಗೆ ಪಳಗಿದ್ದ, ದೊಡ್ಡ ಹೆಸರಿಲ್ಲದ ಹದಿಮೂರು ಆಟಗಾರರನ್ನು. ಅವರು ಒಬ್ಬರ ಆಟವನ್ನೊಬ್ಬರು ಬಲ್ಲವರಾಗಿದ್ದರು. ಇಂಡಿಯಾನಾ 2024ರಲ್ಲಿ ಹನ್ನೊಂದು ಪಂದ್ಯ ಗೆದ್ದಿತು. ಮುಂದಿನ ವರ್ಷ ಹದಿನಾರಕ್ಕೆ ಹದಿನಾರೂ ಗೆದ್ದು, ಜನವರಿ 2026ರ ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿ ತನ್ನ ಇತಿಹಾಸದ ಮೊದಲ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಇಬ್ಬರ ಕೈಯಲ್ಲಿದ್ದದ್ದು ಒಂದೇ ಉಪಕರಣ. ಒಬ್ಬರು ಅದರಿಂದ ಗೋಪುರ ಎತ್ತಿದರು, ಇನ್ನೊಬ್ಬರು ತಳಪಾಯದಿಂದ ಶುರು ಮಾಡಿದರು.

ಮಾರುಕಟ್ಟೆ ಈಗ ಇನ್ನೂ ದೊಡ್ಡದಾಗಿದೆ. 2024ರಲ್ಲಿ ವರ್ಗಾವಣೆಗಳ ಸಂಖ್ಯೆಯ ಮೇಲಿನ ಮಿತಿಯೂ ಹೋಯಿತು. ಜೂನ್ 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಲಾರಂಭಿಸಿದವು. ಮೊದಲ ವರ್ಷದ ಮಿತಿ ಸಂಸ್ಥೆಯೊಂದಕ್ಕೆ ಸುಮಾರು 2.05 ಕೋಟಿ ಡಾಲರ್. ದಶಕಗಳ ಕಾಲ ಇತರರನ್ನು ಶ್ರೀಮಂತಗೊಳಿಸಿದ ಯುವಕರ ಕೈಗೆ ಹಣ ಸೇರುತ್ತಿರುವುದು ನ್ಯಾಯವೇ ಸರಿ. ಅವರನ್ನು ದುಡಿಮೆಗಾರರೆಂದು ಕಾಣುವುದಾದರೆ, ದುಡಿಮೆಗಾರನನ್ನು ಹೊರಹಾಕುವಾಗ ಪಾಲಿಸಬೇಕಾದ ಕಟ್ಟುಪಾಡುಗಳೂ ಬರಬೇಕಲ್ಲವೆ? ಓದು ಪೂರ್ತಿಯಾಗುವವರೆಗೆ ಹೊಣೆ ಹೊರುವ ಒಪ್ಪಂದ, ಗಾಯಗೊಂಡವನಿಗೆ ದೀರ್ಘಕಾಲದ ಚಿಕಿತ್ಸೆ, ಹೊಸ ತರಬೇತುದಾರ ಬಂದಾಗ ಹಳಬರಿಗೆ ಕನಿಷ್ಠ ಒಂದು ಋತುವಿನ ಅವಕಾಶ, ಇವು ಅಸಾಧ್ಯವಾದ ಬೇಡಿಕೆಗಳಲ್ಲ.

ಡಿಯಾನ್ ಸ್ಯಾಂಡರ್ಸ್ ಬಂದ ವರ್ಷ ಕೊಲರಾಡೊಗೆ ಪ್ರೇಕ್ಷಕರು, ಹಣ, ಪ್ರಚಾರ ಎಲ್ಲವೂ ಬೇಡಿದ್ದಕ್ಕಿಂತ ಹೆಚ್ಚಾಗಿ ಸಿಕ್ಕವು. ಆ ವರ್ಷ ಅದಕ್ಕೆ ಸಿಗದೇ ಹೋದದ್ದು, ಹೆಸರಿಲ್ಲದೆ ನಿಂತು ಗೋಡೆಯಾಗುವ ಐದು ಮಂದಿ. ಅಂಥವರನ್ನು ಬೆಳೆಸಲು ಬೇಕಾದ ತಾಳ್ಮೆ ಯಾವ ಸಂತೆಯಲ್ಲೂ ಮಾರಾಟಕ್ಕಿಲ್ಲ.